ಕಮಲಾಕ್ಷಿಗೆ ನಾನು ಮಾಡಿದ ಡಿಸೈನು

ಸ್ವಲ್ಪ ಇರಿ. ಗ್ರಾಫಿಕ್ ಡಿಸೈನ್ ಕಲಿಯಬೇಕು, ಅದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಹುಡುಕುತ್ತಾ ನೀವು ಇಲ್ಲಿಗೆ ಬಂದಿದ್ದರೆ, ಡೌನ್‌ಲೋಡ್ ಬಟನ್ನಿನ ಮೇಲಿರುವ ಬೆರಳನ್ನು ಮೆಲ್ಲಗೆ ಈಚೆ ತೆಗೆಯಿರಿ. ಬಟನ್ ಎಲ್ಲಿಗೂ ಓಡಿಹೋಗುವುದಿಲ್ಲ. ನನಗಾದದ್ದನ್ನು ಕೇಳಿ, ಒಂದು ಲೋಟ ಚಹಾ ಕುಡಿದು, ಆಮೇಲೂ ಧೈರ್ಯ ಉಳಿದಿದ್ದರೆ ಒತ್ತಿ. ಸ್ವಂತವಾಗಿ ಕಲಿಯುವವರಿಗೆ ಬೆನ್ನು ತಟ್ಟುವವರಿಲ್ಲ ಎಂದು ಕೆಲವರು ಕನಿಕರ ಪಡುತ್ತಾರೆ. ಅದು ದೊಡ್ಡ ವಿಷಯವೇ ಅಲ್ಲ, ಬೆನ್ನು ನಾವೇ ತಟ್ಟಿಕೊಳ್ಳುತ್ತೇವೆ, ಅದರಲ್ಲಿ ನಾನಂತೂ ಪಳಗಿದವಳು. ತಪ್ಪು ಮಾಡಿದಾಗ ತಡೆಯುವವರಿಲ್ಲ, ಕಷ್ಟ ಇರುವುದು ಅಲ್ಲಿ. ಕ್ಲಾಸಿಗೆ ಹೋಗಿ ಕಲಿತವರ ತಪ್ಪು ಮೇಷ್ಟ್ರ ಮೇಜಿನ ಮೇಲೆಯೇ ನಿಂತುಬಿಡುತ್ತದೆ. ನಮ್ಮದು ನೇರವಾಗಿ ರಸ್ತೆಗೆ ಬರುತ್ತದೆ. ಮಾತಿಗೆ ಹೇಳುತ್ತಿಲ್ಲ, ನನ್ನದು ನಿಜವಾಗಿಯೂ ರಸ್ತೆಗೆ ಬಂತು. ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಒಂದು ಇಡೀ ದಿನ ಹೋಗಿ ಬಂದು ಮಾಡಿತು.

ನಾನು ಓದಿದ್ದು ಬಿ.ಕಾಂ. ಮಂಗಳೂರಿನ ಕದ್ರಿಯ ಹತ್ತಿರದ ಒಂದು ಟೈಲ್ಸ್ ಅಂಗಡಿಯಲ್ಲಿ ಬಿಲ್ಲು, ತೆರಿಗೆ ನೋಡಿಕೊಳ್ಳುವ ಕೆಲಸ. ಇದರ ಮಧ್ಯೆ ಡಿಸೈನ್ ಎಲ್ಲಿಂದ ನುಗ್ಗಿತು ಎಂದರೆ, ಒಂದು ದೀಪಾವಳಿಗೆ ನಮ್ಮ ಧಣಿಗಳು, "ಎಲ್ಲ ಅಂಗಡಿಯವರೂ ವಾಟ್ಸಾಪಲ್ಲಿ ಶುಭಾಶಯ ಹಾಕಿದ್ದಾರೆ, ನಮ್ಮದು ಎಂತದೂ ಇಲ್ಲ. ನೀನೊಂದು ಮಾಡು" ಎಂದರು. ಆಫೀಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು, ಚಿಕ್ಕವರಿಗೆ ಕಂಪ್ಯೂಟರಿನ ಸಕಲ ವಿದ್ಯೆಯೂ ಹುಟ್ಟುವಾಗಲೇ ಬಂದಿರುತ್ತದೆ ಎಂಬುದು ಹಿರಿಯರ ನಂಬಿಕೆ. ಫೋನಿನಲ್ಲೇ ಒಂದು ಹಣತೆ, ಅದರ ಹಿಂದೆ ನಮ್ಮಲ್ಲಿ ಖರ್ಚಾಗದೆ ಉಳಿದಿದ್ದ ಬಾತ್‌ರೂಮ್ ಟೈಲ್ಸಿನ ಫೋಟೋ, ಮೇಲೆ ಶುಭಾಶಯ, ಇಷ್ಟನ್ನು ಅಂಟಿಸಿ ಕಳಿಸಿದೆ. ಧಣಿಗಳು ಹೆಬ್ಬೆರಳಿನ ಚಿತ್ರ ಕಳಿಸಿದರು. ಅವರ ಹೆಂಡತಿ ಅದನ್ನು ಸ್ಟೇಟಸ್ ಇಟ್ಟರು. ಒಬ್ಬ ಗಿರಾಕಿ ಆ ಟೈಲ್ಸ್ ಬೇಕು ಎಂದು ಫೋನೂ ಮಾಡಿದ. ಆ ದಿನ ಹತ್ತಿದ ಜ್ವರ ಇನ್ನೂ ಇಳಿದಿಲ್ಲ.

ಆಮೇಲೆ ಶುರುವಾಯಿತು ಸಾಫ್ಟ್‌ವೇರ್ ಹುಡುಕಾಟ. ಮನೆಗೆ ಫ್ರಿಜ್ಜು ತರುವಾಗಲೂ ಇಷ್ಟು ವಿಚಾರಣೆ ಮಾಡಿರಲಿಲ್ಲ. ಹೆಸರು ಹೇಳಿದರೆ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ, ಆದ್ದರಿಂದ ನಾನು ಇಟ್ಟ ಅಡ್ಡಹೆಸರುಗಳಲ್ಲೇ ಹೇಳುತ್ತೇನೆ. ಒಂದನೆಯದು 'ಸಾಹುಕಾರ'. ತಿಂಗಳು ತಿಂಗಳು ಬಾಡಿಗೆ ಕೇಳುತ್ತದೆ, ಆದರೆ ದೊಡ್ಡ ಡಿಸೈನರುಗಳೆಲ್ಲ ಬಳಸುವುದು ಅದನ್ನೇ. ಕೆಲವು ದಿನ ಪುಕ್ಕಟೆ ಕೊಡುತ್ತಾರೆ ಎಂದು ಹಾಕಿಕೊಂಡೆ. ನನ್ನದು ಅಣ್ಣ ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪು. ಸಾಹುಕಾರ ಒಳಗೆ ಕಾಲಿಟ್ಟ ಕೂಡಲೇ ಅದರ ಫ್ಯಾನು ನಮ್ಮ ಮಿಕ್ಸಿಯ ಸದ್ದು ಮಾಡಲು ಶುರು ಮಾಡಿತು, ಅಡಿ ದೋಸೆ ಕಾವಲಿಯಷ್ಟು ಕಾಯಿತು. ಅದನ್ನು ತೆರೆದು, ಅಮ್ಮ ನೀರುದೋಸೆ ಎರೆದು, ನಾನು ತಿಂದು ಕೈ ತೊಳೆದು ಬಂದರೂ ಅದು ಇನ್ನೂ ತೆರೆದುಕೊಳ್ಳುತ್ತಲೇ ಇರುತ್ತಿತ್ತು. ತೆರೆದ ಮೇಲೆ ಎಡಗಡೆ ನೂರೆಂಟು ಚಿಹ್ನೆಗಳು. ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಸಾಲಾಗಿ ನಿಂತವು, ರೇಷನ್ ಅಂಗಡಿಗೆ ಬಂದವರ ಹಾಗೆ. ಅದನ್ನು ಸರಿಮಾಡಲು ಯಾವುದೋ ಮೂಲೆಯಲ್ಲಿ ಒಂದು ಟಿಕ್ ಹಾಕಬೇಕಂತೆ. ಆ ಮೂಲೆ ಸಿಗುವಷ್ಟರಲ್ಲಿ ಪುಕ್ಕಟೆಯ ದಿನಗಳು ಮುಗಿದವು.

ಎರಡನೆಯದು 'ಫ್ಲೆಕ್ಸಿನವರದ್ದು'. ನಮ್ಮ ಊರಿನ ಫ್ಲೆಕ್ಸ್ ಅಂಗಡಿ, ಮದುವೆ ಕಾಗದದ ಅಂಗಡಿಗಳಲ್ಲಿ ಇರುವುದು ಅದು. ಒಳ್ಳೆಯದಿರಬಹುದು, ಆದರೆ ಅದನ್ನು ತೆರೆದರೆ ಸಾಕು, ಮೂಲೆಯಲ್ಲಿ ದುಂಡಗೆ ಕತ್ತರಿಸಿದ ಯಾರದ್ದಾದರೂ ಫೋಟೋ ತನ್ನಷ್ಟಕ್ಕೆ ಬಂದು ಕೂರಬಹುದು ಎಂಬ ಭಯ ನನಗೆ. ಮೂರನೆಯದು 'ರೆಡಿಮೇಡ್'. ಎಲ್ಲವೂ ತಯಾರಿರುತ್ತದೆ, ಹೆಸರು ಬದಲಾಯಿಸಿದರಾಯಿತು. ಒಮ್ಮೆ ನಾನು ಬಹಳ ಹೆಮ್ಮೆಯಿಂದ ಮಾಡಿದ ಕ್ರಿಸ್‌ಮಸ್ ಶುಭಾಶಯ ಆ ಸಂಜೆಯೊಳಗೆ ಒಂದು ಹಲ್ಲಿನ ಡಾಕ್ಟರಿಂದ, ಒಂದು ಐಸ್‌ಕ್ರೀಮ್ ಪಾರ್ಲರಿನಿಂದ, ಮತ್ತೆ ನಮ್ಮದೇ ಎದುರಾಳಿ ಟೈಲ್ಸ್ ಅಂಗಡಿಯಿಂದ ನನಗೇ ಬಂತು. ಹೆಸರು ಮಾತ್ರ ಬೇರೆ. ನಾಲ್ಕನೆಯದು 'ಧರ್ಮಾರ್ಥ', ಪೂರ್ತಿ ಪುಕ್ಕಟೆ. ನೋಡಲು ಸರಕಾರಿ ಕಚೇರಿಯ ಹಾಗೆ ಕಂಡರೂ ನನ್ನ ಲ್ಯಾಪ್‌ಟಾಪಿನಲ್ಲಿ ಮುನಿಸಿಕೊಳ್ಳದೆ ತೆರೆದದ್ದು ಅದೊಂದೇ, ಕನ್ನಡವೂ ಅದರಲ್ಲಿ ಸರಿಯಾಗಿ ಬಂತು. ಆದ್ದರಿಂದ ಅದನ್ನೇ ಮದುವೆಯಾದೆ. ಯಾವುದನ್ನು ಆರಿಸಲಿ ಎಂದು ಈಗ ಯಾರಾದರೂ ಕೇಳಿದರೆ ನಾನು ಹೇಳುವುದೂ ಇಷ್ಟೇ: ನಿಮ್ಮ ಕಂಪ್ಯೂಟರು ಯಾವುದನ್ನು ತಡೆದುಕೊಳ್ಳುತ್ತದೋ ಅದು.

ಕಲಿತದ್ದು ಯೂಟ್ಯೂಬಿನಿಂದ. ಹಿಂದಿಯಲ್ಲಿ ಪಾಠ ಮಾಡುವ ಒಬ್ಬ ಹುಡುಗ ಇದ್ದ, ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದ. ಅವನು ಪೆನ್ನಿನಂಥ ಒಂದು ಉಪಕರಣದಿಂದ ಎರಡು ಕಡೆ ಚುಕ್ಕಿ ಇಟ್ಟರೆ ಹಂಸ ಬರುತ್ತಿತ್ತು. ನಾನು ಅಲ್ಲಲ್ಲೇ ಚುಕ್ಕಿ ಇಟ್ಟರೆ ಬೂತಾಯಿ ಮೀನು ಬರುತ್ತಿತ್ತು, ಅದೂ ಮುರಿದದ್ದು. ಆದರೂ ಬಿಡಲಿಲ್ಲ. ಕೆಲಸ ಮುಗಿಸಿ ಮಣ್ಣಗುಡ್ಡದ ಮನೆಗೆ ಬಂದರೆ ಊಟದವರೆಗೂ ಅದೇ. ಗೆರೆ ಎಳೆಯಲು ಬರುವ ಮೊದಲೇ ಅಭಿಪ್ರಾಯಗಳು ಬಂದವು. ಡಿಸೈನ್ ಎಂದರೆ ತೆಗೆದುಹಾಕುವುದಂತೆ. ಖಾಲಿ ಜಾಗ ಉಸಿರಾಡಬೇಕಂತೆ. ಅಕ್ಷರಕ್ಕೆ ನೆರಳು ಹಾಕುವವರು ಮಹಾಪಾಪಿಗಳಂತೆ. ನಾನು ಹೋಟೆಲಿಗೆ ಹೋದರೆ ತಿಂಡಿ ಬಿಟ್ಟು ಮೆನು ಬೋರ್ಡಿನ ಅಕ್ಷರ ನೋಡಿ ನಿಟ್ಟುಸಿರು ಬಿಡುವವಳಾದೆ. ನೆಂಟರ ಮದುವೆ ಕಾಗದ ಬಂದರೆ ಯಾರ ಮದುವೆ ಎಂದು ಓದುವ ಮೊದಲು, "ಇದರಲ್ಲಿ ಐದು ಫಾಂಟ್ ಉಂಟು" ಎಂದು ಹೇಳಿದೆ. ಅಮ್ಮ, "ಹುಡುಗ ಎಂತ ಕೆಲಸದಲ್ಲಿದ್ದಾನೆ ಅಂತ ನೋಡು, ಫಾಂಟಿನ ಜೊತೆ ಸಂಸಾರ ಮಾಡ್ಲಿಕ್ಕೆ ಉಂಟಾ?" ಎಂದು ಕಾಗದ ಕಸಿದುಕೊಂಡರು.

ಹೀಗಿರುವಾಗ ಒಂದು ಭಾನುವಾರ ವಸಂತ ಮಾವ ಬನ್ಸಿನ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದರು. ಅಮ್ಮನ ಅಣ್ಣ. ಸುರತ್ಕಲ್‌ನಲ್ಲಿ ಮನೆ. ಅವರದ್ದು ಒಂದು ಸಿಟಿ ಬಸ್ಸು ಉಂಟು, ಒಂದೇ. ಹೆಸರು 'ಕಮಲಾಕ್ಷಿ', ಅದು ತೀರಿಹೋದ ನಮ್ಮ ಅಜ್ಜಿಯ ಹೆಸರು. ಮಂಗಳೂರಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಒಂದರ ಹಿಂದೆ ಒಂದು ನಾಲ್ಕೈದು ನಿಮಿಷಕ್ಕೆ ಬರುತ್ತವೆ, ಎಲ್ಲ ಹೋಗುವುದೂ ಅದೇ ದಾರಿಯಲ್ಲಿ. ಆದರೆ ಜನ ಯಾವುದೋ ಬಸ್ಸಿಗೆ ಹತ್ತುವುದಿಲ್ಲ. ಪ್ರತಿಯೊಬ್ಬರಿಗೂ 'ನಮ್ಮ ಬಸ್ಸು' ಎಂದು ಒಂದು ಇರುತ್ತದೆ. "ಕಮಲಾಕ್ಷಿ ಹೋದಳಾ?" ಎಂದು ಸ್ಟಾಪಿನಲ್ಲಿ ಕೇಳುತ್ತಾರೆ, ಹೋಗಿದ್ದರೆ ಮುಖ ಸಣ್ಣದು ಮಾಡುತ್ತಾರೆ. ಕಮಲಾಕ್ಷಿಯ ಕಂಡಕ್ಟರ್ ಅಶ್ರಫಣ್ಣನಿಗೆ ಯಾರು ಎಲ್ಲಿ ಇಳಿಯುತ್ತಾರೆ ಎಂದು ಕೇಳಬೇಕಾಗಿಯೇ ಇಲ್ಲ. ಕೊಟ್ಟಾರದ ಗ್ರೇಸಿ ಬಾಯಿ ಹಂಪನಕಟ್ಟೆಯಲ್ಲಿ ಟೈಲರ್ ಅಂಗಡಿ ಇಟ್ಟ ಗಂಡನಿಗೆ ದಿನಾ ಊಟದ ಬುತ್ತಿ ಕಳಿಸುವುದೂ ಅಶ್ರಫಣ್ಣನ ಕೈಯಲ್ಲೇ.

ಕಮಲಾಕ್ಷಿಯನ್ನು ಬಣ್ಣಕ್ಕೆ ಬಿಡುವ ಸಮಯ ಬಂದಿತ್ತು. ಹಣೆಯ ಮೇಲಿನ ಹೆಸರನ್ನೂ ಬದಿಯ ಚಿತ್ತಾರವನ್ನೂ ಹಿಂದೆ ಕೈಯಲ್ಲಿ ಬರೆದುಕೊಟ್ಟ ಪೈಂಟರು ಮಗನ ಹತ್ತಿರ ದುಬೈಗೆ ಹೋಗಿದ್ದರು. ಈಗ ಮೈ ಬಣ್ಣದಿಂದ ಹೆಸರಿನವರೆಗೆ ಎಲ್ಲ ಸ್ಟಿಕರು. ಕೂಳೂರಿನ ಸ್ಟಿಕರ್ ಅಂಗಡಿಯವನು ಡಿಸೈನಿನ ಫೈಲ್ ತನ್ನಿ ಎಂದನಂತೆ.

"ಫೈಲ್ ಅಂದ್ರೆ ಆರ್‌ಟಿಓದ್ದು ಅಂತ ನಾನು ಬಸ್ಸಿನ ಕಾಗದ ಎಲ್ಲ ತಗೊಂಡು ಹೋಗಿದ್ದೆ" ಎಂದರು ಮಾವ. "ಅದಲ್ಲ, ಕಂಪ್ಯೂಟರಲ್ಲಿ ಮಾಡಿದ್ದು ಬೇಕಂತೆ. ನೀನು ಅದೆಂತದೋ ಕಲೀತಿದ್ದೀ ಅಲ್ವಾ?"

"ನಾನು ಮಾಡ್ತೇನೆ ಮಾವ" ಎಂದೆ. ಅವರು ಕೇಳುವ ಮೊದಲೇ ಹೇಳಿದೆ ಎಂದು ಕಾಣುತ್ತದೆ.

"ಅಜ್ಜಿಯ ಹೆಸರು. ಚೆಂದ ಆಗ್ಬೇಕು ನೋಡು."

"ನೀವು ಸುಮ್ನಿರಿ. ಈಗ ಇದ್ದದ್ದು ಕಣ್ಣಿಗೆ ಹೊಡೀತದೆ. ಇನ್ನು ಬಸ್ಸು ನೋಡಿದವರು ಹಾಗೇ ನಿಂತು ನೋಡ್ಬೇಕು."

ಈ ಕೊನೆಯ ಮಾತು ಅಕ್ಷರಶಃ ನಡೆಯಿತು ಎಂಬುದನ್ನು ನನ್ನ ಪರವಾಗಿ ದಾಖಲಿಸಲು ಬಯಸುತ್ತೇನೆ.

ಹಳೆಯ ಕಮಲಾಕ್ಷಿ ಹೇಗಿದ್ದಳೆಂದರೆ, ಹಳದಿಯ ಮೇಲೆ ದಪ್ಪ ಕೆಂಪು ಅಕ್ಷರ, ಅಕ್ಷರಕ್ಕೆ ಕಪ್ಪು ನೆರಳು, ನೆರಳಿಗೆ ಬಿಳಿ ಅಂಚು, ಎರಡೂ ಕಡೆ ತಾವರೆ, ತಾವರೆಯ ಮೇಲೆ ಒಂದೊಂದು ನಕ್ಷತ್ರ. ಯೂಟ್ಯೂಬಿನ ಹುಡುಗ ನೋಡಿದರೆ ಎದೆ ಹಿಡಿದುಕೊಳ್ಳುತ್ತಿದ್ದ. ನಾನು ಎಲ್ಲವನ್ನೂ ತೆಗೆದುಹಾಕಿದೆ. ತಿಳಿ ಬೂದು ಬಣ್ಣ, ಅದರ ಮೇಲೆ ಬಿಳಿಯಲ್ಲಿ ಸಪೂರ ಅಕ್ಷರಗಳು, ಒಂದಕ್ಕೊಂದು ಸಾಕಷ್ಟು ದೂರ, ಮೂಲೆಯಲ್ಲಿ ಒಂದೇ ಗೆರೆಯಲ್ಲಿ ಎಳೆದ ಒಂದು ದಳ. ಖಾಲಿ ಜಾಗ ಎಷ್ಟು ಉಸಿರಾಡಿತೆಂದರೆ ಗೊರಕೆ ಕೇಳುವುದೊಂದೇ ಬಾಕಿ. ಬಸ್ಸಿನ ಮೇಲೆ ಹೇಗೆ ಕಾಣುತ್ತದೆ ಎಂದು ತೋರಿಸಲು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ ಒಂದು ಬಸ್ಸಿನ ಚಿತ್ರಕ್ಕೆ ಅದನ್ನು ಅಂಟಿಸಿ ಮಾವನಿಗೆ ತೋರಿಸಿದೆ. ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ಯಾವ ಊರು?"

"ಊರು ಮುಖ್ಯ ಅಲ್ಲ ಮಾವ. ಇದು ಹೇಗೆ ಕಾಣ್ತದೆ ಅಂತ ಅಂದಾಜಿಗೆ."

"ಬಸ್ಸಿನ ಮೇಲೆ ಬಿಳಿ ಬಿಳಿ ಎಂತ ಬಿದ್ದದ್ದು?"

"ಹಿಮ."

"ಬೈಕಂಪಾಡಿಯಲ್ಲಿ ಸಿಮೆಂಟಿನ ಧೂಳು ಬೀಳ್ತದೆ, ಅದಕ್ಕೆ ಹೀಗೆ ಕಾಣಬಹುದು" ಎಂದರು ಮಾವ. ಮತ್ತೆ ಸ್ವಲ್ಪ ಹೊತ್ತು ನೋಡಿ, "ಹೆಸರು ಸ್ವಲ್ಪ ಸಪೂರ ಆಯ್ತೋ ಅಂತ" ಎಂದರು.

"ಈಗ ಇದೇ ನಡೀತಿರುದು ಮಾವ. ಇದಕ್ಕೆ ಮಿನಿಮಲ್ ಅಂತ ಹೇಳ್ತಾರೆ."

ಮಾವನಿಗೆ ಇಷ್ಟವಾಗಿರಲಿಲ್ಲ. ಅದು ಅವರು ಬನ್ಸನ್ನು ಅರ್ಧಕ್ಕೆ ಕೆಳಗಿಟ್ಟದ್ದರಲ್ಲೇ ಗೊತ್ತಾಗಬೇಕಿತ್ತು. ಆದರೆ ಅವರಿಗೆ ಮಕ್ಕಳಿಲ್ಲ, ನಾನೆಂದರೆ ಪ್ರೀತಿ. "ಕಲಿತವಳು ನೀನು. ನೀನು ಹೇಳಿದ್ರೆ ಸರಿ" ಎಂದರು. ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಹೊಸ ಸ್ಟಿಕರು ಹಾಕಿಕೊಂಡು ಕಮಲಾಕ್ಷಿ ರಸ್ತೆಗಿಳಿದದ್ದು ಒಂದು ಶನಿವಾರ. ಬೆಳಗಿನ ಟ್ರಿಪ್ಪಿಗೆ ಅವಳು ಲೇಡಿಹಿಲ್ ಸ್ಟಾಪಿಗೆ ಬರುವ ಹೊತ್ತಿಗೆ ನಾನು ಹೊಸ ಚೂಡಿದಾರ ಹಾಕಿ ಹೋಗಿ ನಿಂತಿದ್ದೆ. ವೀಡಿಯೋ ಮಾಡಲು ಫೋನು ತಯಾರು. ಬಸ್ಸು ಮಾತ್ರವಲ್ಲ, ಬಸ್ಸು ನೋಡುವವರ ಮುಖವೂ ಬರಬೇಕು ಎಂದು ಸ್ವಲ್ಪ ಹಿಂದೆ ನಿಂತಿದ್ದೆ. ಸ್ಟಾಪಿನಲ್ಲಿ ದಿನಾ ಕಮಲಾಕ್ಷಿಗೆ ಹೋಗುವ ಏಳೆಂಟು ಮಂದಿ ಇದ್ದರು, ಪೇಪರ್ ಮಡಚಿ ಕಂಕುಳಲ್ಲಿಟ್ಟ ಒಬ್ಬ ಅಜ್ಜನೂ ಇದ್ದರು. ಒಂದು ಬೂದು ಬಣ್ಣದ ಬಸ್ಸು ಬಂತು. ಸುರತ್ಕಲ್ ಕಡೆಯ ಕಾರ್ಖಾನೆಗಳ ಸ್ಟಾಫ್ ಬಸ್ಸುಗಳು ಹೀಗೇ ಇರುತ್ತವೆ, ಹಣೆಯಲ್ಲಿ ಸಣ್ಣಕ್ಕೆ ಕಂಪೆನಿಯ ಹೆಸರು, ಬೇರೆ ಯಾರೂ ಹತ್ತುವಂತಿಲ್ಲ. ಅಜ್ಜ ಅದರ ಧೂಳು ತಾಗಬಾರದೆಂದು ಹಿಂದೆ ಸರಿದರು. ನಾನೂ ಸರಿದೆ. ಈ ಸ್ಟಾಫ್ ಬಸ್ಸು ಅಡ್ಡ ನಿಂತರೆ ಹಿಂದಿನಿಂದ ಬರುವ ಕಮಲಾಕ್ಷಿಯ ವೀಡಿಯೋ ಹಾಳಾಗುತ್ತದಲ್ಲ ಎಂದು ಕುತ್ತಿಗೆ ಉದ್ದ ಮಾಡಿ ಅದರ ಆಚೆ ನೋಡುತ್ತಿದ್ದೆ. ಬಸ್ಸು ನಿಧಾನ ಮಾಡಿತು, ಯಾರೂ ಕೈ ತೋರಿಸದ್ದು ನೋಡಿ ಮುಂದೆ ಹೋಯಿತು. ಹೋಗುವಾಗ ಅದರ ಹಿಂಬಾಗಿಲಿನಲ್ಲಿ ನೇತಾಡುತ್ತಿದ್ದ ಅಶ್ರಫಣ್ಣ ನನ್ನನ್ನು ನೋಡಿ ಕೂಗಿದರು, "ಏ ಮಾರಾಯ್ತಿ, ನಿನಗೂ ಗುರ್ತ ಸಿಗ್ಲಿಲ್ವಾ?"

ಆಟೋ ಹಿಡಿದು ಹಿಂಬಾಲಿಸಿದೆ. ಆಟೋದವನಿಗೆ, "ಆ ಬೂದು ಬಸ್ಸಿನ ಹಿಂದೆ ಹೋಗಿ" ಎಂದರೆ, "ಕಂಪೆನಿ ಬಸ್ಸಾ? ಕೆಲಸಕ್ಕೆ ಲೇಟಾಯ್ತಾ?" ಎಂದು ಕೇಳಿದ. ಲಾಲ್‌ಬಾಗಿನ ಸಿಗ್ನಲಿನಲ್ಲಿ ಕಮಲಾಕ್ಷಿ ಸಿಕ್ಕಿದಳು. ಹತ್ತಿ ನೋಡಿದರೆ, ಆ ಹೊತ್ತಿಗೆ ಉಸಿರಾಡಲು ಜಾಗವಿಲ್ಲದಂತೆ ತುಂಬಿರಬೇಕಾದ ಬಸ್ಸಿನಲ್ಲಿ ಸೀಟುಗಳೆಲ್ಲ ಖಾಲಿ. ನಾನು ಬಯಸಿದ ಖಾಲಿ ಜಾಗ ಒಳಗೂ ಬಂದಿತ್ತು.

"ಸುರತ್ಕಲಿಂದ ಇಲ್ಲಿವರೆಗೆ ಕೈ ಎತ್ತಿದ್ದು ಒಬ್ಬರೇ" ಎಂದರು ಅಶ್ರಫಣ್ಣ. "ನಿಲ್ಸಿ ಕೇಳಿದ್ರೆ ಅವರು ನೊಣ ಓಡಿಸಿದ್ದಂತೆ."

"ನೀವು ಕೂಗ್ಲಿಲ್ವಾ?"

"ಕೂಗದೆ ಮತ್ತೆ? ಕೊಟ್ಟಾರದಲ್ಲಿ ಗ್ರೇಸಿ ಬಾಯಿ ಬುತ್ತಿ ಹಿಡ್ಕೊಂಡು ನಿಂತಿದ್ರು. 'ಬಾಯೀ, ಕೊಡಿ' ಅಂತ ಹೇಳಿದೆ. ಅವರು ನನ್ನ ಮುಖ ನೋಡಿ, 'ಅಶ್ರಫ್, ನಿಮಗೆ ಕಂಪೆನಿಯಲ್ಲಿ ಕೆಲಸ ಆಯ್ತಾ? ದೇವರು ಒಳ್ಳೇದು ಮಾಡ್ಲಿ' ಅಂತ ಹೇಳಿ ಹಿಂದಿನ ಬಸ್ಸಿಗೆ ಕೈ ತೋರಿಸಿದ್ರು. ಇವತ್ತು ಆ ಟೈಲರಿನ ಊಟ ಎಲ್ಲಿ ಇಳೀತದೋ, ಯಾರು ಉಣ್ತಾರೋ."

ನಗುವುದೋ ಅಳುವುದೋ ತಿಳಿಯದೆ ಕಿಟಕಿಯ ಬದಿಗೆ ಕುಳಿತೆ. ಅಂಗಡಿಗೆ ಫೋನು ಮಾಡಿ ರಜೆ ಹೇಳಿದೆ. ಕಾರಣ ಕೇಳಿದ್ದಕ್ಕೆ "ಮನೆಯಲ್ಲಿ ಕಷ್ಟ" ಎಂದೆ, ಅಜ್ಜಿಯ ಹೆಸರಿನ ಬಸ್ಸು ಮನೆಯಲ್ಲದೆ ಮತ್ತೇನು. ವಾಪಸು ಸುರತ್ಕಲ್ ಕಡೆಗೆ ಹೋಗುವಾಗ ಕೂಳೂರಿನಲ್ಲಿ ಕೊನೆಗೂ ಇಬ್ಬರು ಕೈ ತೋರಿಸಿದರು. ನನಗೆ ಜೀವ ಬಂದಂತಾಯಿತು. ಇಬ್ಬರೂ ಹತ್ತಿ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟು, ಕುತ್ತಿಗೆಯಲ್ಲಿ ಗುರುತು ಚೀಟಿ ನೇತುಹಾಕಿಕೊಂಡು, ಕಣ್ಣು ಮುಚ್ಚಿದರು. ಅಶ್ರಫಣ್ಣ ಟಿಕೆಟ್ ಕೇಳಿದರು.

"ಟಿಕೆಟಾ? ಕಂಪೆನಿ ಬಸ್ಸಲ್ಲಿ ಯಾವಾಗಿಂದ ಶುರುವಾಯ್ತು?" ಎಂದ ಒಬ್ಬ, ಕಣ್ಣು ತೆರೆಯದೆ.

"ಇದು ಕಂಪೆನಿಯದ್ದಲ್ಲ ಮಾರಾಯ್ರೆ. ಕಮಲಾಕ್ಷಿ."

"ಕಮಲಾಕ್ಷಿ ನಮಗೆ ಗೊತ್ತಿಲ್ವಾ? ಅದು ಹಳದಿ ಬಸ್ಸು. ತಮಾಷೆ ಮಾಡ್ಬೇಡಿ, ನೈಟ್ ಡ್ಯೂಟಿಯವನನ್ನು ಬಿಡಿಸ್ಲಿಕ್ಕೆ ಉಂಟು."

ಅವರನ್ನು ಒಪ್ಪಿಸಿ ಇಳಿಸುವಷ್ಟರಲ್ಲಿ ಪಣಂಬೂರು ಬಂದಿತ್ತು, ಅವರಿಗೆ ಇಳಿಯಬೇಕಾದದ್ದೂ ಅಲ್ಲೇ. "ಬಸ್ಸು ಲಾಯ್ಕುಂಟು, ಕ್ಲೀನ್ ಉಂಟು" ಎಂದು ಹೋಗುವಾಗ ಒಬ್ಬ ಹೇಳಿದ. ಆ ಡಿಸೈನಿಗೆ ಸಿಕ್ಕಿದ ಪ್ರಶಂಸೆ ಅದೊಂದೇ, ಅದೂ ಟಿಕೆಟ್ ತೆಗೆಯದವನಿಂದ.

ಸುರತ್ಕಲ್‌ನಲ್ಲಿ ವಸಂತ ಮಾವ ಕಾಯುತ್ತಿದ್ದರು. ಬೈಯುತ್ತಾರೆ ಎಂದು ನಾನು ಸಿದ್ಧಳಾಗಿದ್ದೆ, ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವರು ಖಾಲಿ ಬಸ್ಸನ್ನು ಒಂದು ಸಲ ನೋಡಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಒಂದು ದಿನದ್ದು ಹೋಗ್ಲಿ ಮಗಾ. ಅದು ದೊಡ್ಡ ಸಂಗತಿ ಅಲ್ಲ. ಆದ್ರೆ ಜನ ಒಮ್ಮೆ ಹಿಂದಿನ ಬಸ್ಸಿಗೆ ಹತ್ತಿ ಅಲ್ಲಿ ಸೀಟು ಸಿಕ್ಕಿ ಅಭ್ಯಾಸ ಆದ್ರೆ ಮತ್ತೆ ನಮಗೆ ಬರುದಿಲ್ಲ. ಅವರನ್ನು ಕರ್ಕೊಂಡು ಬರ್ಲಿಕ್ಕೆ ನನಗೆ ಹತ್ತು ವರ್ಷ ಬೇಕಾಯ್ತು." ಟವೆಲನ್ನು ಮತ್ತೆ ಹೆಗಲಿಗೆ ಹಾಕಿ, "ಸ್ಟಿಕರಿನವನ ಹತ್ರ ಹೇಳಿ ಹಳೆಯದ್ದೇ ಹಾಕಿಸಿಬಿಡು" ಎಂದರು.

ಹಳೆಯದ್ದು ಎಲ್ಲಿಂದ ಬರಬೇಕು? ಅದು ಕೈಯಲ್ಲಿ ಬರೆದದ್ದು, ಗ್ಯಾರೇಜಿನವರು ಉಜ್ಜಿ ತೆಗೆದಾಗಿದೆ, ಪೈಂಟರು ದುಬೈಯಲ್ಲಿದ್ದಾರೆ. ಆದರೆ ಮಾವನ ಮುಖ ನೋಡಿ ಅದನ್ನು ಹೇಳುವ ಬಾಯಿ ಬರಲಿಲ್ಲ. "ಆಯ್ತು ಮಾವ, ನಾಳೆ ಹಾಕಿಸ್ತೇನೆ" ಎಂದೆ. ಭಾನುವಾರ ಕಮಲಾಕ್ಷಿಗೆ ಟ್ರಿಪ್ಪು ಕಡಿಮೆ. ಸೋಮವಾರ ಬೆಳಗ್ಗೆ ಮತ್ತೆ ಬೂದು ಬಸ್ಸು ಹೋದರೆ ಜನ ಕೈಬಿಟ್ಟ ಹಾಗೆಯೇ. ನನಗಿದ್ದದ್ದು ಅಷ್ಟೇ ಸಮಯ.

ಅಲ್ಲಿವರೆಗೆ ಶನಿವಾರದ ಉಳಿದ ಟ್ರಿಪ್ಪುಗಳನ್ನು ಉಳಿಸಬೇಕಲ್ಲ. ಅಶ್ರಫಣ್ಣ ಹಿಂದಿನ ಬಾಗಿಲಲ್ಲಿ, ನಾನು ಮುಂದಿನ ಬಾಗಿಲಲ್ಲಿ ನಿಂತೆವು. ಸ್ಟಾಪು ಬಂದ ಹಾಗೆ ತಲೆ ಹೊರಗೆ ಹಾಕಿ, "ಕಮಲಾಕ್ಷಿ, ಇದು ಕಮಲಾಕ್ಷಿ" ಎಂದು ಕೂಗುವುದು. ಮೊದಲ ಎರಡು ಸ್ಟಾಪಿನಲ್ಲಿ ನನ್ನ ಧ್ವನಿ ನನಗೇ ಕೇಳಲಿಲ್ಲ. "ಇದು ಬಸ್ಸು, ಲೈಬ್ರರಿ ಅಲ್ಲ" ಎಂದರು ಅಶ್ರಫಣ್ಣ. ಮೂರನೆಯದರಲ್ಲಿ ಗಂಟಲು ಬಿಟ್ಟೆ. ಒಬ್ಬರು ಅಜ್ಜಿ ಹತ್ತಿ ನನ್ನ ಕೈ ಹಿಡಿದು, "ನಿನ್ನ ಹೆಸರು ಗೊತ್ತಾಯ್ತು ಮಗಳೇ, ಬಸ್ಸು ಯಾವುದು?" ಎಂದು ಕೇಳಿದರು. ಕೊಟ್ಟಾರದ ಹತ್ತಿರ ನನ್ನ ಕಾಲೇಜಿನ ಗೆಳತಿಯೊಬ್ಬಳು ಸ್ಕೂಟರಿನಲ್ಲಿ ನಿಂತು ನೋಡಿ, ಏನೂ ಕೇಳದೆ, ಬಹಳ ಗೌರವದಿಂದ ಮುಖ ಆಚೆ ತಿರುಗಿಸಿದಳು. ಆದರೆ ಜನ ಹತ್ತಿದರು. ಸಂಜೆಗೆ ಬಸ್ಸು ಅರ್ಧ ತುಂಬಿತು. ಖಾಲಿ ಜಾಗ, ಸಪೂರ ಅಕ್ಷರ ಎಂದು ನಾನು ಕಲಿತದ್ದೆಲ್ಲ ಮಾಡದ್ದನ್ನು ನನ್ನ ಗಂಟಲು ಮಾಡಿತು. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗಿರಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಸಾಹುಕಾರ ನನ್ನನ್ನು ಒಳಗೇ ಬಿಡಲಿಲ್ಲ. 'ಧರ್ಮಾರ್ಥ' ಯಾವತ್ತಿನ ಹಾಗೆ ಗೊಣಗದೆ ತೆರೆಯಿತು. ಹಳದಿ ಹಾಕಿದೆ. ಕೆಂಪು ಹಾಕಿದೆ. ಅಕ್ಷರವನ್ನು ಎಷ್ಟು ದಪ್ಪ ಮಾಡಬಹುದೋ ಅಷ್ಟು ಮಾಡಿ, ಕಣ್ಣು ಮುಚ್ಚಿಕೊಂಡು ನೆರಳು ಹಾಕಿದೆ. ಆದರೂ ಧೈರ್ಯ ಬರಲಿಲ್ಲ. ಪರದೆಯ ಮುಂದೆ ಒಂದು ಮೊಳ ದೂರದಲ್ಲಿ ಕುಳಿತು ನೋಡಿದರೆ ನನಗೆ ಎಲ್ಲವೂ ಚೆಂದವೇ, ಆ ಬೂದು ಬಣ್ಣವೂ ಚೆಂದವೇ ಇತ್ತಲ್ಲ. ಬಸ್ಸನ್ನು ಹಾಗೆ ಯಾರು ನೋಡುತ್ತಾರೆ? ಬಿಸಿಲಿಗೆ ಕಣ್ಣು ಸಣ್ಣ ಮಾಡಿ, ತಿರುವಿನಲ್ಲಿ, ಲಾರಿಯ ಹಿಂದಿನಿಂದ ಅರ್ಧ ಕಂಡಾಗಲೇ ಕೈ ಎತ್ತಬೇಕು. ಆಗ ನನ್ನ ಕಣ್ಣಿಗೆ ಅಮ್ಮ ಬಿದ್ದರು. ಅಮ್ಮನಿಗೆ ಕನ್ನಡಕ ಇಲ್ಲದಿದ್ದರೆ ಎದುರು ನಿಂತವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ.

"ಅಮ್ಮಾ, ಕನ್ನಡಕ ತೆಗೆದು ಗೇಟಿನ ಹತ್ರ ಹೋಗಿ ನಿಲ್ಲಿ."

"ಎಂತಕ್ಕೆ? ಒಲೆಯಲ್ಲಿ ಸಾರುಂಟು."

"ಸಾರು ನಾನು ನೋಡ್ತೇನೆ. ನೀವು ಇದನ್ನು ನೋಡಿ."

ಜಗಲಿಯ ಮೇಲೆ ಸ್ಟೂಲಿಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಾನು ಪಕ್ಕದಲ್ಲಿ ನಿಂತು ಒಂದೊಂದಾಗಿ ತೋರಿಸಿದೆ. ಅಮ್ಮ ಗೇಟಿನ ಹತ್ತಿರ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಮೊದಲನೆಯದಕ್ಕೆ, "ಎಂತದೂ ಕಾ‌ಣುದಿಲ್ಲ" ಎಂದರು. ಎರಡನೆಯದಕ್ಕೆ, "ಟೊಮೆಟೋ" ಎಂದರು. ಮೂರನೆಯದಕ್ಕೆ, "ಗ್ಯಾಸ್ ಸಿಲಿಂಡರಿನ ಗಾಡಿ ಬಂತಾ?" ಎಂದು ಗೇಟು ತೆರೆಯಲು ಹೋದರು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಎಂತ, ಕಣ್ಣಿನ ಪರೀಕ್ಷೆಯಾ?" ಎಂದು ವಿಚಾರಿಸಿದರು. ಅಕ್ಷರವನ್ನು ಇನ್ನೂ ದಪ್ಪ ಮಾಡಿದೆ, ಬಿಳಿ ಅಂಚು ಹಾಕಿದೆ, ತಾವರೆಯನ್ನು ಎರಡೂ ಕಡೆಗೆ ತಂದೆ, ನೆನಪಿದ್ದಷ್ಟು ನಕ್ಷತ್ರ ಹಾಕಿದೆ. ಸಾರು ಉಕ್ಕಿ ಒಲೆ ಆರಿತು, ಅದು ಆಮೇಲಿನ ಜಗಳ. ಕೊನೆಗೆ ಒಂದನ್ನು ತೋರಿಸಿದಾಗ ಅಮ್ಮ ಸೆರಗು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಕಣ್ಣು ಕಿರಿದು ಮಾಡಿ, "ನಮ್ಮ ಬಸ್ಸಲ್ವಾ ಅದು?" ಎಂದರು.

"ಓದ್ಲಿಕ್ಕೆ ಆಗ್ತದಾ?"

"ಓದ್ಲಿಕ್ಕೆ ಎಲ್ಲಿ ಆಗ್ತದೆ ಮಾರಾಯ್ತಿ, ಕನ್ನಡಕ ನಿನ್ನ ಕೈಯಲ್ಲಿ ಉಂಟು. ಆದ್ರೆ ನಮ್ಮ ಬಸ್ಸೇ."

ಅದೇ ಫೈಲನ್ನು ಕೂಳೂರಿಗೆ ಕಳಿಸಿದೆ. ಸ್ಟಿಕರಿನವನು ಭಾನುವಾರ ಅಂಗಡಿ ತೆರೆದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇದನ್ನು ಮೊದಲೇ ಕೊಡಬಹುದಿತ್ತಲ್ಲ" ಎಂದ. ನಾನು ಬೂದು ಸ್ಟಿಕರನ್ನು ಕೀಳಲು ಕೂತೆ.

ಸೋಮವಾರ ಬೆಳಗ್ಗೆ ಮತ್ತೆ ಲೇಡಿಹಿಲ್. ಈ ಸಲ ಹಳೆಯ ಚೂಡಿದಾರ, ಫೋನು ಬ್ಯಾಗಿನೊಳಗೆ. ಶನಿವಾರ ಬೇರೆ ಬಸ್ಸಿನಲ್ಲಿ ಸೀಟು ಸಿಕ್ಕಿದವರು ಇವತ್ತೂ ಅದಕ್ಕೇ ಕಾದರೆ? ದೂರದಲ್ಲಿ ಒಂದು ಟ್ಯಾಂಕರು, ಅದರ ಹಿಂದೆ ಹಳದಿಯ ಒಂದು ತುಂಡು ಕಂಡಿತು, ತುಂಡು ಮಾತ್ರ. ನಾನು ಅದು ಹೌದೋ ಅಲ್ಲವೋ ಎಂದು ನೋಡುತ್ತಿರುವಾಗಲೇ ಪಕ್ಕದಲ್ಲಿ ಪೇಪರು ಮಡಚುವ ಸದ್ದಾಯಿತು. ಅಜ್ಜ ಎದ್ದು ನಿಂತು ಕೈ ತೋರಿಸಿದರು. ಉಳಿದವರೂ ಮುಂದೆ ಬಂದರು. ಯಾರೂ ಹಣೆಯ ಹೆಸರು ಓದಲಿಲ್ಲ, ಯಾರೂ ತಲೆ ಎತ್ತಿ ನೋಡಲಿಲ್ಲ, ನೂಕಿಕೊಂಡು ಹತ್ತಿದರು, ಅಷ್ಟೆ. ನನ್ನ ಕಾಲು ಮೆಟ್ಟಿದರು, ಒಬ್ಬರ ಛತ್ರಿ ಪಕ್ಕೆಗೆ ತಿವಿಯಿತು. ಶನಿವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನೂಕುನುಗ್ಗಲಿನಲ್ಲಿ ಎಲ್ಲೋ ಇಳಿದುಹೋಯಿತು. ಒಳಗೆ ನಿಲ್ಲಲು ಜಾಗವಿರಲಿಲ್ಲ. ಡ್ರೈವರಿನ ಹಿಂದೆ, ಎಂಜಿನಿನ ಪೆಟ್ಟಿಗೆಯ ಮೇಲೆ ಗ್ರೇಸಿ ಬಾಯಿಯ ಬುತ್ತಿ ಇತ್ತು.

ಅಶ್ರಫಣ್ಣ ಜನರ ನಡುವೆ ಹೇಗೋ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು ಟಿಕೆಟ್ ಹರಿದುಕೊಟ್ಟರು. ಮಾಲಕರ ತಂಗಿಯ ಮಗಳು, ಬಸ್ಸಿನ ಡಿಸೈನರ್ ಎಂಬ ರಿಯಾಯಿತಿ ಏನೂ ಇಲ್ಲ. ಕಿವಿಯ ಹತ್ತಿರ ಬಗ್ಗಿ, "ಹಳೆಯದ್ರಲ್ಲಿ ನಕ್ಷತ್ರ ಒಂದು ಕಡೆಗೆ ಒಂದೇ ಇತ್ತು. ನೀನು ಮೂರು ಮೂರು ಹಾಕಿದ್ದೀ. ನಾನು ಯಾರತ್ರವೂ ಹೇಳುದಿಲ್ಲ" ಎಂದರು.

ಮುಂದಿನ ಭಾನುವಾರ ಮಾವ ಮತ್ತೆ ಬನ್ಸ್ ತಂದರು. ಬಸ್ಸು ಮೊದಲಿನ ಹಾಗೆ ತುಂಬುತ್ತಿದೆ, ಯಾರೂ ಬಿಟ್ಟು ಹೋಗಿಲ್ಲ ಎಂದರು. ಮುಖದಲ್ಲಿ ನೆಮ್ಮದಿ ಇತ್ತು, ಬನ್ಸನ್ನೂ ಪೂರ್ತಿ ತಿಂದರು. ನಾನು ಇನ್ನೊಂದು ತಟ್ಟೆಗೆ ಹಾಕುತ್ತಾ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ.

"ಆ ಪೈಂಟರಿನ ಕೈ ಅಂದ್ರೆ ಕೈ" ಎಂದರು ಮಾವ. "ಕಂಪ್ಯೂಟರಲ್ಲಿ ಎಷ್ಟು ತಿಪ್ಪರಲಾಗ ಹಾಕಿದ್ರೂ ಅದು ಬರುದಿಲ್ಲ. ಸ್ಟಿಕರಿನವ ಹಳೆಯದ್ರ ಫೋಟೋ ತೆಗೆದಿಟ್ಟಿದ್ದ ಅಂತ ಕಾಣ್ತದೆ, ಒಳ್ಳೇದಾಯ್ತು. ನೀನು ಬೇಜಾರು ಮಾಡ್ಬೇಡ ಮಗಾ, ಕಲೀತಾ ಕಲೀತಾ ನಿನಗೂ ಬಂದೀತು."

ಅಮ್ಮ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದರು. ಹೇಳಲೇ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಮಾವ ಹೋಗಿ ಬಸ್ಸನ್ನು ಕನ್ನಡಕ ಹಾಕಿಕೊಂಡು ನೋಡುತ್ತಾರೆ, ನಕ್ಷತ್ರ ಎಣಿಸುತ್ತಾರೆ. "ಹೌದು ಮಾವ, ಇನ್ನೂ ತುಂಬ ಕಲಿಯಲಿಕ್ಕುಂಟು" ಎಂದೆ. ನನ್ನ ಜೀವನದಲ್ಲಿ ಇಷ್ಟು ವಿನಯದಿಂದ ಯಾವ ಮಾತನ್ನೂ ಆಡಿರಲಿಲ್ಲ, ಅದು ಸುಳ್ಳೂ ಆಗಿರಲಿಲ್ಲ.

ನಿಮ್ಮಲ್ಲಿಯೂ ಯಾರಾದರೂ ಹೀಗೆ ಮೊದಲ ಕೆಲಸವನ್ನು ಊರ ಮುಂದೆ ಬಿಟ್ಟು, ಮತ್ತೆ ಆಟೋ ಹತ್ತಿ ಅದರ ಬೆನ್ನು ಹಿಡಿದವರು ಇದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಯಾವ ಸಾಫ್ಟ್‌ವೇರಿನಲ್ಲಿ ಮಾಡಿದಿರಿ, ಯಾರು ಗುರುತು ಹಿಡಿಯಲಿಲ್ಲ, ಹೇಗೆ ಬಚಾವಾದಿರಿ, ಎಲ್ಲವನ್ನೂ ಹೇಳಿ. ನಾನು ಪ್ರತಿಯೊಂದನ್ನೂ ಓದುತ್ತೇನೆ. ಒಂದೇ ಒಂದು ವಿನಂತಿ: ನಡುವೆ ವಸಂತ ಎಂಬ ಹೆಸರಿನವರು ಯಾರಾದರೂ ಬಂದು ಕಮೆಂಟು ಮಾಡಿದರೆ, ನೀವೆಲ್ಲ ಸ್ವಲ್ಪ ಹೊತ್ತು ಆ ಪೈಂಟರನ್ನು ಹೊಗಳಿ.